ಟೇಪು ಹಿಡಿದ ಕಾಕಾ

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಈ ಭೂಮಿಯ ಮೇಲೆ ನಂಬಿಕೆಯೇ ಇಲ್ಲ. ಭೂಮಿ ಅಂದರೆ ಲೋಕ, ಸಂಸಾರ ಎಂದೆಲ್ಲ ದೊಡ್ಡ ಅರ್ಥ ಮಾಡಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಕಾಲ ಕೆಳಗಿನ ನೆಲದ ಮಾತು! ಅದು ಸಪಾಟಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಸುಳ್ಳು ಸಾಕ್ಷಿ ಹೇಳಲು ಬಂದವರನ್ನು ನೋಡಿದಂತೆ ಅವರನ್ನು ನೋಡುತ್ತಾರೆ. ಭಾಲ್ಕಿಯ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಸರ್ವೇ ಪಾಠ ಹೇಳುವುದು ಅವರ ಉದ್ಯೋಗ. ಉದ್ಯೋಗ ಅಂದಮೇಲೆ ಸಂಜೆಗೆ ಮುಗಿಯಬೇಕಲ್ಲವೇ? ಇವರದು ಮುಗಿಯುವುದಿಲ್ಲ. ಟೇಪು ಇವರ ಜೇಬಿನಲ್ಲೇ ಕುಳಿತು ಬೀದರಿನ ನೌಬಾದದ ಮನೆಗೆ ಬರುತ್ತದೆ. ಮದುವೆಗೂ ಬರುತ್ತದೆ. ಮಂಟಪದ ಕಂಬಗಳ ನಡುವಿನ ಅಂತರ ಒಂದೇ ಸಮ ಇಲ್ಲ ಎಂದು ವರನ ಕಿವಿಯಲ್ಲಿ ಹೇಳಿ ಬಂದ ಪುಣ್ಯಾತ್ಮರು ಇವರು!

ಇವರು ಔರಾದಿಗೆ ಹೆಣ್ಣು ನೋಡಲು ಹೋದ ಕಥೆಯನ್ನು ಅಪ್ಪ ಇಂದಿಗೂ ನಕ್ಕು ನಕ್ಕು ಹೇಳುತ್ತಾರೆ. ಹುಡುಗಿ ಬಂದು ಎದುರಿಗೆ ನಿಂತಿದ್ದಾಳೆ, ಕಾಕಾ ಮಾತ್ರ ನೆಲದ ಮೇಲಿಟ್ಟ ಬಶಿಯಲ್ಲಿ ಚಹಾ ಒಂದು ಬದಿಗೆ ವಾಲಿದ್ದನ್ನೇ ದಿಟ್ಟಿಸುತ್ತಿದ್ದಾರೆ. ಪಾಪ, ಹುಡುಗ ನಾಚಿಕೆ ಸ್ವಭಾವದವನು ಎಂದುಕೊಂಡರು ಹಿರಿಯರು. ಕೊನೆಗೆ ಕಾಕಾ ಬಾಯಿ ಬಿಟ್ಟರು:

"ನಿಮ್ಮ ಪಡಸಾಲಿ ಬಾಗಿಲ ಕಡಿ ಜರಾ ಇಳದದ ರೀ."

ಹುಡುಗಿಯೇ ತಲೆಯೆತ್ತಿ ಕೇಳಿದಳು: "ನೆಲ ತೊಳದ ನೀರು ಹೊರಗ ಹೋಗಬೇಕಲ್ರಿ? ನಿಮ್ಮ ಮನ್ಯಾಗ ಎಲ್ಲಿ ಹೋಗ್ತದ?"

ಉತ್ತರವಿಲ್ಲದ ಪ್ರಶ್ನೆ ಕೇಳಿದ ಆಕೆಯನ್ನೇ ಕಾಕಾ ಮದುವೆಯಾಗಿಬಿಟ್ಟರು!

ನನ್ನ ಕಾಕುವಾದ ಆಕೆಯ ಕೈಗೆ ಇವರು ಸಿಕ್ಕಿದ್ದು ಒಳ್ಳೆಯದೇ ಆಯಿತು. ಒಮ್ಮೆ ನಾನು ನೌಬಾದದ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಕಾಕಾ ತಮ್ಮ ತಟ್ಟೆಯ ಜೋಳದ ರೊಟ್ಟಿಯನ್ನು ಅತ್ತಿತ್ತ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಇದು ಉತ್ತರಕ್ಕ ಜರಾ ಉದ್ದ ಆಗ್ಯದ" ಎಂದರು. ಕಾಕು ಒಲೆಯ ಕಡೆಯಿಂದ ಕತ್ತು ಕೂಡ ತಿರುಗಿಸಲಿಲ್ಲ. "ಉತ್ತರದಿಂದೇ ತಿನ್ಲಿಕ್ಕ ಶುರು ಮಾಡ್ರಿ. ಬರೋಬ್ಬರಿ ಆಗ್ತದ."

ಮುಂದೆ ನಾನು ಅದೇ ಕಾಲೇಜಿಗೆ, ಅದೇ ಸಿವಿಲ್ ವಿಭಾಗಕ್ಕೆ ಸೇರಿದೆ. ಮನೆಯಲ್ಲಿ ಕಾಕಾ, ಕಾಲೇಜಿನಲ್ಲಿ ಸರ್. ಬಾಯಿ ತಪ್ಪಿ ತರಗತಿಯಲ್ಲಿ 'ಕಾಕಾ' ಎಂದರೆ ಇಡೀ ಬೆಂಚು ನಗುತ್ತಿತ್ತು. ಮೊದಲ ದಿನವೇ ಅವರು ಮೂವರನ್ನು ಎಬ್ಬಿಸಿ ತರಗತಿಯ ಕೋಣೆಯನ್ನೇ ಮೂರು ಸಲ ಅಳೆಯಿಸಿದರು. ಬಂದದ್ದು ಮೂರು ಬೇರೆ ಬೇರೆ ಅಳತೆ. ಯಾರದು ಖರೆ?

"ಯಾರದೂ ಅಲ್ಲ" ಎಂದರು ಕಾಕಾ. "ಟೇಪು ಜಗ್ಗಿದ್ರ ಉದ್ದ ಆಗ್ತದ, ಬಿಸಲಿಗೂ ಉದ್ದ ಆಗ್ತದ, ಸಡ್ಲ ಬಿಟ್ರ ಜೋತು ಬೀಳ್ತದ. ತಪ್ಪೇ ಇಲ್ಲದ ಅಳತಿ ಅಂಬೋದು ಇಲ್ಲ. ತಪ್ಪು ಎಷ್ಟು ಅದ ಅಂತ ತಿಳದಂವ ಎಂಜಿನಿಯರ್."

"ತಿಳೀಲಾರದಂವ ಯಾರ್ರಿ ಸರ್?" ಎಂದಿತು ಹಿಂದಿನ ಬೆಂಚು.

"ಗುತ್ತೇದಾರ!"

ಅವರ ತರಗತಿ ತುಂಬಿರುತ್ತಿದ್ದುದು ಇಂಥ ಮಾತಿಗೇ ಹೊರತು ಸರ್ವೇ ಮೇಲಿನ ಪ್ರೀತಿಗಲ್ಲ. ಆದರೆ ಖಟಕ ಚಿಂಚೋಳಿ ಬಳಿಯ ಬಯಲಿಗೆ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ ದಿನ ಅವರ ಮಾತು ಅವರಿಗೇ ತಿರುಗಿ ಬಿತ್ತು. ಅಂದು ದಿಕ್ಸೂಚಿಯ ಪಾಠ. ಹತ್ತಿರ ಕಬ್ಬಿಣವಿದ್ದರೆ ಅದರ ಸೂಜಿ ದಾರಿ ತಪ್ಪುತ್ತದೆ; ಇದಕ್ಕೆ ಪುಸ್ತಕದಲ್ಲಿ 'ಲೋಕಲ್ ಅಟ್ರಾಕ್ಷನ್' ಎಂದು ಹೆಸರು. ಆ ವಯಸ್ಸಿನ ಹುಡುಗರಿಗೆ ಇಷ್ಟು ಸಾಕಲ್ಲವೇ? ಪಕ್ಕದಲ್ಲಿ ಹುಡುಗಿ ಹಾದುಹೋದಾಗಲೆಲ್ಲ ಯಾರೋ ಒಬ್ಬ ಕೆಮ್ಮುತ್ತಿದ್ದ. ನಮ್ಮ ಸೂಜಿ ಸರಿಯಾಗಿಯೇ ನಿಲ್ಲುತ್ತಿತ್ತು. ಕಾಕಾ ಪರೀಕ್ಷಿಸಲು ಬಗ್ಗಿದರೆ ಸಾಕು, ಸರ್ರನೆ ಸರಿಯುತ್ತಿತ್ತು.

"ಯಾರ ಹತ್ರ ಕಬ್ಬಿಣ ಅದ? ತಗೀರಿ ಹೊರಗ!"

ಮೊದಲು ತಮ್ಮ ಟೇಪನ್ನು ದೂರ ಇಟ್ಟರು. ಬೆಲ್ಟು ಬಿಚ್ಚಿಸಿದರು. ಬೈಕಿನ ಚಾವಿ ದೂರ ಇಡಿಸಿದರು. ನನ್ನ ಕೂದಲಿನ ಪಿನ್ನುಗಳೂ ಹೋದವು. ಹುಡುಗರು ಪ್ಯಾಂಟು ಹಿಡಿದುಕೊಂಡು, ನಾನು ಕೂದಲು ಕೆದರಿಕೊಂಡು ನಿಂತಿದ್ದರೂ ಕಾಕಾ ಬಗ್ಗಿದರೆ ಸೂಜಿ ಮತ್ತೆ ಅತ್ತ! ಕೊನೆಗೆ ನನಗೇ ಅನುಮಾನ ಬಂತು. "ಸರ್, ನಿಮ್ಮ ಜೇಬಿನ್ಯಾಗ ಏನದ ರೀ?" ಅಂದೆ.

ಅಂಗಿಯ ಒಳಜೇಬಿನಿಂದ ಕಬ್ಬಿಣದ ಚಾವಿಗಳ ಗೊಂಚಲು ಹೊರಬಂತು. ಕಾಕು ಔರಾದಿನ ತವರಿಗೆ ಹೋಗುವಾಗ ತಿಜೋರಿ, ಕಪಾಟು, ಅಡುಗೆಮನೆಯ ಚಾವಿಗಳನ್ನೆಲ್ಲ ಪೋಣಿಸಿ ಒಪ್ಪಿಸಿದ್ದಳು ಎಂದು ಕಾಕಾ ತಾವೇ ಹೇಳಿದರು. ಯಾರೂ ನಗಲಿಲ್ಲ, ಅಂಕಗಳು ಅವರ ಕೈಯಲ್ಲಿದ್ದವಲ್ಲ! ಹಿಂದಿನಿಂದ ಒಬ್ಬ ಮಾತ್ರ ಮೆಲ್ಲಗೆ, "ಅಟ್ರಾಕ್ಷನ್ ಔರಾದಿಂದು ರೀ ಸರ್" ಎಂದ. ಕಾಕಾ ಮೊದಲು ತಾವೇ ನಕ್ಕರು. ಆಮೇಲೆ ಇಡೀ ಬಯಲು ನಕ್ಕಿತು.

ಇಂಥ ಮನುಷ್ಯನ ಜೊತೆ ಅಪ್ಪ ಮಾತು ಬಿಟ್ಟಿದ್ದರು ಎಂದರೆ ನಂಬುತ್ತೀರಾ? ಪೂರ್ತಿ ಬಿಟ್ಟಿರಲಿಲ್ಲ. ಹಬ್ಬಕ್ಕೆ ಫೋನು, ಮದುವೆಯಲ್ಲಿ ನಮಸ್ಕಾರ, ಅಷ್ಟೇ. ನಮ್ಮ ಅಜ್ಜಿ, ಅಂದರೆ ಅವರಿಬ್ಬರ ತಾಯಿ, ನೌಬಾದದ ಕಾಕಾನ ಮನೆಯಲ್ಲಿ ತೀರಿಕೊಂಡ ಮೇಲೆ ಹೀಗಾಗಿತ್ತು. ಭಾಲ್ಕಿಯ ನಮ್ಮ ಮನೆಯಿಂದ ಅಪ್ಪ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲೇ ಯಾಕೆ ಕರೆಯಲಿಲ್ಲ ಎಂದು ಅಪ್ಪ ಕೇಳಲಿಲ್ಲ. ಕಾಕಾ ತಾವಾಗಿ ಹೇಳಲಿಲ್ಲ. ಕೇಳದ ಆ ಮಾತು ಇಬ್ಬರ ನಡುವೆ ಹಾಗೇ ಉಳಿದುಬಿಟ್ಟಿತು. ಕೊನೆಗೆ ಅಪ್ಪನೇ, ಮೆಹಕರದಲ್ಲಿದ್ದ ಹಿರಿಯರ ಹೊಲ ಪಾಲು ಮಾಡಿಬಿಡೋಣ ಎಂದರು. ಸರ್ಕಾರಿ ಭೂಮಾಪಕರನ್ನು ಕರೆಸುವ ಮೊದಲು ತಾನೇ ಒಮ್ಮೆ ಅಳೆದು ಗೆರೆ ತೋರಿಸುತ್ತೇನೆ ಎಂದು ಕಾಕಾ ಒಪ್ಪಿಕೊಂಡರು.

ಹೋದವರು ನಾವು ಮೂವರೇ. ಕಾಕಾ ಮೊದಲು ಹೊಲವನ್ನೆಲ್ಲ ಸುತ್ತಿದರು. ಇಡೀದು ಮೊದಲು, ತುಂಡು ಆಮೇಲೆ ಎನ್ನುವುದು ಸರ್ವೇಯ ಮೊದಲ ಪಾಠ. ಅಣ್ಣ ತಮ್ಮಂದಿರ ಪಾಲಿಗೂ ಅದನ್ನು ಬಿಡಲಿಲ್ಲ! ಅಪ್ಪ ಬದುವಿನ ಮೇಲೆ ಮುಖ ಬಿಗಿದುಕೊಂಡು ನಿಂತಿದ್ದರು. ಅಳತೆ, ಲೆಕ್ಕ ಮುಗಿದ ಮೇಲೆ ಕಾಕಾ ಹೊಲದ ಎರಡೂ ತುದಿಗೆ ಕೆಂಪು ಬಿಳಿ ಪಟ್ಟೆಯ ಕೋಲು ಊರಿದರು. ನನ್ನ ಕೈಗೊಂದು ಕೋಲು ಕೊಟ್ಟು ನಡುವೆ ಹೋಗಿ ನಿಲ್ಲಲು ಹೇಳಿ, ತಾವು ಒಂದು ತುದಿಯ ಕೋಲಿನ ಹಿಂದೆ ನಿಂತರು. ಮೂರೂ ಕೋಲುಗಳು ಒಂದರ ಹಿಂದೆ ಒಂದು ಬಂದರೆ ಗೆರೆ ಸಿಕ್ಕಂತೆ. ಅವರು ಕೈ ಬೀಸಿದಂತೆ ನಾನು ತೊಗರಿಯ ಸಾಲು ದಾಟುತ್ತ ಎಡಕ್ಕೆ ಹೋದೆ, ಬಲಕ್ಕೆ ಬಂದೆ, ಮತ್ತೆ ಎಡಕ್ಕೆ. ಕಾಲಿಗೆ ಕಲ್ಲಿನ ಕಟ್ಟೆ ತಾಗಿತು.

"ಕಾಕಾ, ಇಲ್ಲಿ ಅಜ್ಜಿ ಅದಾಳ!" ಎಂದು ಕೂಗಿದೆ.

ನಮ್ಮಲ್ಲಿ ಹಿರಿಯರನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅದು ಅಜ್ಜಿಯ ಸಮಾಧಿ. ಗೆರೆ ಅದರ ನಟ್ಟನಡುವೆ ಹಾಯುತ್ತಿತ್ತು. ಇಬ್ಬರೂ ಬಂದರು. ಅಪ್ಪ ಕಟ್ಟೆಯನ್ನು ನೋಡಿ, ತಮ್ಮನ ಮುಖ ನೋಡದೆ ಹೇಳಿದರು: "ಗೆರಿ ಸರಸು. ಅವ್ವ ನನ್ನ ಕಡಿ ಬರ್ಲಿ. ಕಡೀ ತನಕ ನಿನ್ನ ಹತ್ರಾನೇ ಇದ್ಲಲ್ಲ."

ಕಾಕಾ ವಾಪಸ್ ಹೋಗಿ ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. ಗೆರೆ ಇದ್ದಲ್ಲೇ ಇತ್ತು. ನಿಧಾನಕ್ಕೆ ನಡೆದು ಬಂದು ಕಟ್ಟೆಯ ಅಂಚಿಗೆ ಕುಳಿತುಬಿಟ್ಟರು.

"ಅಣ್ಣಾ, ಹೊಲ ಅಳದು ಕೊಡ್ತೇನಿ. ಅವ್ವನ್ನ ಅಳೀಲಿಕ್ಕ ನನಗ ಬರಂಗಿಲ್ಲ."

ಕಾಕಾ ಕಟ್ಟೆಯ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸುತ್ತ ಮುಂದುವರಿಸಿದರು.

"ಆ ದಿನ ಮುಂಜಾನಿ ಜ್ವರ ಇಳದು, ಎದ್ದು ಚಹಾ ಕುಡದಿದ್ಲು. ಆರಾಮ ಅದಾಳ, ಸಂಜಿಗಿ ನಿನಗ ಫೋನ್ ಮಾಡಿದ್ರಾಯ್ತು ಅಂದ್ಕೊಂಡೆ. ಮಧ್ಯಾಹ್ನ ಒಮ್ಮಿಗೇ ಜೀವ ಹೋತು. ಹೋಗೂಮುಂದ ನಾ ಕೈ ಹಿಡದಿದ್ದೆ, ನನ್ನೇ ನೀನು ಅಂತ ತಿಳದು ನಿನ್ನ ಹೆಸರು ಹಿಡದು ಕರದ್ಲು. ನಾ 'ಓ' ಅಂದೆ ಅಣ್ಣಾ. ನಿನಗ ಹ್ಯಾಂಗ ಹೇಳ್ಲಿ?"

ತೊಗರಿಯ ಮೇಲೆ ಗಾಳಿ ಬೀಸುತ್ತಿತ್ತು. ಅಪ್ಪ ಚಪ್ಪಲಿ ಕಳಚಿ, ಕಟ್ಟೆಯ ಮೇಲೆ ತಮ್ಮನ ಪಕ್ಕದಲ್ಲೇ ಕುಳಿತರು.

"ಚೊಲೋ ಮಾಡ್ದಿ" ಎಂದರು. "ಯಾರರೇ ಒಬ್ರು 'ಓ' ಅನ್ಬೇಕಿತ್ತು."

ಹೊಲ ಇಂದಿಗೂ ಒಂದೇ ಇದೆ. ಅಂದು ಇಬ್ಬರೂ ಪಾಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಅಜ್ಜಿಯ ವಿಷಯ ಏನೇನೋ ಮಾತಾಡುತ್ತ, ಮೂಗು ಒರೆಸಿಕೊಳ್ಳುತ್ತ ಅಲ್ಲೇ ಕುಳಿತಿದ್ದರು. ನಾನು ಕೋಲನ್ನು ನೆಟ್ಟಗೆ ಹಿಡಿದುಕೊಂಡು ನಿಂತೇ ಇದ್ದೆ. ಇಳಿಸು ಎಂದು ಹೇಳುವುದನ್ನು ಇಬ್ಬರೂ ಮರೆತಿದ್ದರು.