ಹದಿಮೂರು ಕಂತು, ಮೂರು ಸ್ಟಾರ್

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿಗೆ ನನ್ನ ಮೇಲೆ ತುಂಬ ಪಕ್ಷಪಾತ. ಯಾವ ಘಟನೆ ತೆಗೆದರೂ ನನ್ನನ್ನು ನಡುಮಧ್ಯೆ ತಂದು ನಿಲ್ಲಿಸುತ್ತದೆ. ಅಮ್ಮನ ತಮ್ಮ ಶೀನು ಮಾವ ಹಿಂದೊಮ್ಮೆ ಟಿವಿಗೆ ಹದಿಮೂರು ಕಂತಿನ ವೈಜ್ಞಾನಿಕ ಧಾರಾವಾಹಿ ಬರೆದಿದ್ದರು. ಅದರ ಐದನೇ ಕಂತಿನಲ್ಲಿ ಮಂಗಳ ಗ್ರಹದ ಮಗುವಾಗಿ ನಟಿಸಿದ್ದು ನಾನು. ಎರಡು ತೂತು ಕೊರೆದ ಇಡ್ಲಿ ಪಾತ್ರೆಯನ್ನು ತಲೆಯ ಮೇಲೆ ಕವುಚಿಕೊಂಡಾಗ ಬಂದ ಹುಳಿ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅಕ್ಕ ಮಾತ್ರ ಪಾತ್ರೆಯೊಳಗಿದ್ದದ್ದು ತಾನೆಂದೂ, ನಾನು ಹೊರಗೆ ಕೂತು ಬಿಸ್ಕತ್ತಿಗಾಗಿ ಅಳುತ್ತಿದ್ದೆನೆಂದೂ ಹೇಳುತ್ತಾಳೆ.

ಈ ವರ್ಷ ಯಾರೋ ಪುಣ್ಯಾತ್ಮರು ಆ ಧಾರಾವಾಹಿಯನ್ನು ಅಂತರ್ಜಾಲಕ್ಕೆ ಏರಿಸಿದರು. ನೋಡಿದವರು ಪ್ರತಿ ಕಂತಿಗೂ ಐದರವರೆಗೆ ಸ್ಟಾರ್ ಕೊಡಬಹುದು. ಮೈಸೂರಿನಲ್ಲಿ ಮಾವನ ಬಡಾವಣೆಯವರು ಅವರಿಗೊಂದು ಸನ್ಮಾನ ಇಟ್ಟುಕೊಂಡು, ಅತಿ ಹೆಚ್ಚು ಸ್ಟಾರ್ ಬಂದ ಕಂತನ್ನೇ ಅಲ್ಲಿ ತೋರಿಸುವುದೆಂದು ತೀರ್ಮಾನಿಸಿದರು. ಮಾವ ಜಪಾನಿನ ಓಜಿಮಾದಲ್ಲಿರುವ ನನಗೆ ಫೋನ್ ಮಾಡಿ, "ನೀನು ಕಂಪ್ಯೂಟರ್‌ನವಳಲ್ವೇನೆ, ಒಂದು ರ‍್ಯಾಂಕ್ ಲಿಸ್ಟ್ ಮಾಡ್ಕೊಡು. ಐದನೇದೇ ಮೇಲ್ಬರುತ್ತೆ ನೋಡು, ಅದರಲ್ಲೇ ನಾನು ನಿಜವಾಗ್ಲೂ ಬರೆದಿದ್ದು" ಅಂದರು.

ನೋಡಿದರೆ ಹದಿಮೂರಕ್ಕೂ ಐದಕ್ಕೆ ಐದು. ಕೊಟ್ಟವರು ಏಳು ಜನ, ಏಳೂ ನಮ್ಮ ಮನೆಯವರು. ನಾನಂತೂ ಒಂದನ್ನೂ ತೆರೆಯದೆ, ನೆನಪಿನ ಬಲದಿಂದಲೇ ಅರವತ್ತೈದು ಸ್ಟಾರ್ ಹಂಚಿ ಅನ್ನಕ್ಕಿಡಲು ಎದ್ದಿದ್ದೆ. ಎಲ್ಲರೂ ಫಸ್ಟ್ ಬಂದರೆ ರ‍್ಯಾಂಕ್ ಎಲ್ಲಿಂದ ತರುವುದು? ಹೊರಗಿನವರೊಬ್ಬರು ಬೇಕಿತ್ತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಸಾತೋ-ಸಾನ್ ಅವರಿಗೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಕೆಲಸ. ತೊಂದರೆಗೆ ಕ್ಷಮಿಸಿ ಎಂದು ಮೂರು ಸಲ ಸುಮಿಮಾಸೆನ್ ಹೇಳಿ ಕೇಳಿಕೊಂಡೆ. ಪುಣ್ಯಾತ್ಗಿತ್ತಿ ಎರಡು ವಾರ ಆಫೀಸಿಗೆ ಹೋಗಿಬರುವ ರೈಲಿನಲ್ಲಿ ಕೂತು, ಯಂತ್ರ ತಾನೇ ಬರೆಯುವ ಜಪಾನೀ ಅಡಿಬರಹ ಓದಿಕೊಂಡು ಎಲ್ಲವನ್ನೂ ನೋಡಿದರು. ಐದನೆಯದಕ್ಕೆ ಮೂರು ಸ್ಟಾರ್ ಕೊಟ್ಟರು, ಉಳಿದವಕ್ಕೆಲ್ಲ ಎರಡು. ಒಂಬತ್ತನೆಯದರಲ್ಲಿ ಮಾತ್ರ ಧ್ವನಿಯೇ ಇರಲಿಲ್ಲ. ಕೇಳಿಸದ್ದಕ್ಕೆ ಅಂಕ ಕೊಡುವುದು ಸರಿಯಲ್ಲವೆಂದು ಅದನ್ನು ಮುಟ್ಟಲಿಲ್ಲ. ಹೀಗಾಗಿ ಉಳಿದೆಲ್ಲದರ ಸರಾಸರಿ ಇಳಿದು, ಮೂಕ ಕಂತು ಐದಕ್ಕೆ ಐದು ಉಳಿಸಿಕೊಂಡು ಮೊದಲ ಸ್ಥಾನಕ್ಕೆ ಬಂತು.

"ಯಾರೇ ಅವಳು ಸಾತೋ?" ಎಂದರು ಮಾವ. "ನಾನೇನು ಮಾಡಿದ್ದೆ ಅವಳಿಗೆ?"

ಇಲ್ಲಿಯ ಜನ ಸ್ಟಾರ್ ಕೊಡುವುದರಲ್ಲಿ ಬಲು ಬಿಗಿ, ಮೂರು ಸ್ಟಾರಿನ ಹೋಟೆಲಿನ ಮುಂದೆ ಸಾಲು ನಿಂತಿರುತ್ತದೆ, ಐದು ಬಂದರೆ ಮಾಲೀಕರ ನೆಂಟರಿರಬೇಕೆಂದು ಅನುಮಾನಪಡುತ್ತಾರೆ ಎಂದು ವಿವರಿಸಿದೆ.

"ಹಾಗಾದ್ರೆ ಎರಡು ಅಂದ್ರೆ?"

"ಎರಡು ಅಂದ್ರೆ ಎರಡೇ, ಮಾವ."

ಬಡಾವಣೆಯವರು ಲಿಸ್ಟ್ ಪ್ರಕಾರ ಒಂಬತ್ತನೆಯದನ್ನೇ ಹಾಕಿದರು. ಮಾವ ಮೈಕ್ ಕಸಿದುಕೊಂಡು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿದರಂತೆ. ತಾವೇ ಬರೆದ ಸಂಭಾಷಣೆ ಮರೆತುಹೋಗಿ, ಬಾಯಿಗೆ ಬಂದದ್ದು ಹೇಳಿ, ಕೊನೆಗೆ ರಾಕೆಟ್ಟಿನ ಸದ್ದನ್ನೂ ಮಾಡಿದರಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾವನ ಪ್ರಕಾರ ಈಗ ಶ್ರೇಷ್ಠ ಕಂತು ಒಂಬತ್ತನೆಯದು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಒಂದು ಮಧ್ಯಾಹ್ನ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆ ಬಿಚ್ಚುತ್ತಾ, ಐದನೆಯದಕ್ಕೆ ಒಂದು ಸ್ಟಾರ್ ಹೆಚ್ಚಿಗೆ ಯಾಕೆ ಕೊಟ್ಟಿರೆಂದು ಸಾತೋ-ಸಾನ್ ಅವರನ್ನು ಕೇಳಿದೆ. ಅಷ್ಟು ದೂರದ ಗ್ರಹದಿಂದ ಬಂದ ಮಗು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ, ಎರಡನ್ನೂ ತಿರುಗಿಸಿ ಜೋಡಿಸಿಟ್ಟು ಒಳಗೆ ಬಂತಲ್ಲ, ಆ ನಟನೆಗೆ ಎಂದರು. ನಾನು ನಾಚಿಕೊಂಡೇ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದೆ.

ಆ ಸಂಜೆ ಐದನೆಯದನ್ನು ಮೊದಲ ಬಾರಿ ಕೂತು ನೋಡಿದೆ. ಇಡ್ಲಿ ಪಾತ್ರೆಯ ಮಗು ಚಪ್ಪಲಿ ಜೋಡಿಸಿತು, ನಿಜ. ಅಷ್ಟರಲ್ಲಿ ನನ್ನ ಮಗಳು ಶಾಲೆಯಿಂದ ಬಂದು, ಬಾಗಿಲಲ್ಲಿ ಒಂದು ಅತ್ತ ಒಂದು ಇತ್ತ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಎಂದಿನಂತೆ ಜಪಾನಿಯಲ್ಲಿ ಬೈಯುತ್ತಾ ಜೋಡಿಸಿಟ್ಟಳು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿ ಜೋಡಿಸುತ್ತಿದ್ದವಳು ಯಾವತ್ತೂ ಅಕ್ಕ.

ತಕ್ಷಣ ಮಾವನಿಗೊಂದು ಮೆಸೇಜ್ ಕಳಿಸಿದೆ. ನೀಲಿ ಗುರುತು ಬಿದ್ದು ಒಂಬತ್ತು ದಿನವಾಯಿತು. ಕೇಳಿದ್ದು ಇಷ್ಟೇ: "ಮಾವ, ಪಾತ್ರೆ ಒಳಗಿದ್ದದ್ದು ನಾನೇ ತಾನೆ?"