ಸಂಜೆ ಮನೆಗೆ ಬರುವ ವಿಮಾನ

ದೊಡ್ಡ ವಿಮಾನವೋ ಚಿಕ್ಕ ವಿಮಾನವೋ, ಸಂಜೆಯೊಳಗೆ ಒಂದನ್ನು ಹೇಳಿಬಿಡಿ ಎಂದು ಕಂಪನಿ ಕೇಳಿದ್ದೇ ತಪ್ಪಾಯಿತು. ಹೊಸ ಪೈಲಟ್ಟಿಗೆ ಯಾರೂ ಏನೂ ಕೇಳದಿದ್ದರೆ ಸುಖ.

ತರಬೇತಿ ಎಂದು ಊರೂರು ಅಲೆದು ಅವನು ಹಿಂದಿರುಗಿದ ದಿನ ಪುಟ್ಟ ಮಗಳು ಬಾಗಿಲು ತೆರೆದು, "ಅಮ್ಮಾ, ಯಾರೋ ಅಂಕಲ್ ಬಂದಿದಾರೆ" ಎಂದಿದ್ದಳು. ಹೆಂಡತಿ ನಕ್ಕಳು. ಅವನೂ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತ. ರಾತ್ರಿ ಮನೆಗೆ ಬಂದು ಮಲಗುವಂಥ ಕೆಲಸವೇ ಬೇಕು, ವಿಮಾನ ಯಾವುದಾದರೂ ಸರಿ ಎಂದು ಅಂದೇ ನಿಶ್ಚಯಿಸಿದ್ದ.

"ದೊಡ್ಡದೇ ತಗೊಳ್ಳಿ" ಎಂದರು ಅತ್ತೆ, ಅವನ ಮುಂದೆ ಕಾಫಿ ಕುಕ್ಕುತ್ತಾ. "ನಾನಾಗ್ಲೇ ಇಡೀ ಬಿಲ್ಡಿಂಗಿಗೆ ಹೇಳಿಯಾಗಿದೆ. ನೀವು ರೆಕ್ಕೆಗೆ ಫ್ಯಾನ್ ಕಟ್ಟಿರೋ ವಿಮಾನ ಓಡಿಸಿದ್ರೆ ನಾನು ಲಿಫ್ಟಲ್ಲಿ ಹೇಗೆ ಓಡಾಡ್ಲಿ?"

ಲಿಫ್ಟಿನಲ್ಲಿ ಕೆಳಮನೆಯ ನಿವೃತ್ತ ಬಸ್ ಡ್ರೈವರ್ ಕಾದಿದ್ದರು. "ದೊಡ್ಡ ಗಾಡಿಗೆ ರಿವರ್ಸ್ ಕಷ್ಟ, ಹುಷಾರು!"

"ನಾವು ರಿವರ್ಸ್ ತೆಗೆಯಲ್ಲ ಸಾರ್. ಹಿಂದಕ್ಕೆ ಹೋಗ್ಬೇಕಾದ್ರೆ ಇನ್ನೊಂದು ಗಾಡಿ ಬಂದು ತಳ್ಳುತ್ತೆ."

"ರಿವರ್ಸ್ ತೆಗೆಯಕ್ಕೆ ಬರಲ್ವಾ?" ಅವರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹಾಗಾದ್ರೆ ನೀನು ಅರ್ಧ ಡ್ರೈವರ್ ಕಣಯ್ಯ." ಮೊದಲೇ ಕುಗ್ಗಿದ್ದವನು ನೆಲಮಹಡಿ ಬರುವ ಹೊತ್ತಿಗೆ ಇನ್ನಷ್ಟು ಕುಗ್ಗಿದ್ದ.

ಕಂಪನಿಯ ಕ್ಯಾಂಟೀನಿನಲ್ಲಿ ಅವನ ಜೊತೆಗೆ ಸೇರಿದ್ದ ಇನ್ನೊಬ್ಬ ಹೊಸಬ, ಎಲ್ಲರೂ ಕನ್ನಡಕ ಎಂದು ಕರೆಯುವವನು, ದೊಡ್ಡದನ್ನು ಆಗಲೇ ಬರೆಸಿ ಬಂದು ಬೀಗುತ್ತಿದ್ದ. "ಪ್ರಪಂಚ ಸುತ್ತೋದು ಬಿಟ್ಟು ಮನೆ ಮನೆ ಅಂತೀಯಲ್ಲೋ!"

ಪಕ್ಕದ ಮೇಜಿನಿಂದ ಮೀಸೆ ಕ್ಯಾಪ್ಟನ್ ಬಾಯಿ ಹಾಕಿದರು. ಅವರನ್ನು ಯಾರೂ ಕೇಳಿರಲಿಲ್ಲ. "ದೊಡ್ಡದು ಹೋದ್ರೆ ಹೋಯ್ತು, ಯಾವ ದೇಶದಲ್ಲಿ ಮಲಗುತ್ತೋ ದೇವರೇ ಬಲ್ಲ. ಚಿಕ್ಕದು ಹಸು ಇದ್ದ ಹಾಗೆ. ದಿನಾ ಸಂಜೆ ಮನೆಗೆ ಬರುತ್ತೆ."

ಬೇಕಾದದ್ದು ಅದೊಂದೇ ಮಾತು. ಅವನು ಹೆಂಡತಿಗೆ ಫೋನ್ ಮಾಡಿದ. ಎತ್ತಿದ್ದು ಅತ್ತೆ. ಚಿಕ್ಕದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಫೋನ್ ಕುಕ್ಕಿದರು. ಸ್ವಲ್ಪ ಹೊತ್ತಿಗೆ ಬಿಲ್ಡಿಂಗಿನ ವಾಚ್‌ಮನ್ ಕರೆ ಮಾಡಿದ. "ಸಾರ್, ಚಿಕ್ಕದಂತೆ? ಅಮ್ಮಾವ್ರು ಪೆಟ್ಟಿಗೆ ಹಿಡ್ಕೊಂಡು ಗೇಟಲ್ಲಿ ಕೂತಿದಾರೆ. ಈಗ್ಲೂ ಮನಸ್ಸು ಬದಲಾಯಿಸ್ಬಹುದಂತೆ."

"ಬದಲಾಯಿಸಲ್ಲ" ಎಂದ ಹೊಸ ಪೈಲಟ್. ಮದುವೆಯಾದ ಮೇಲೆ ಅವನು ಅತ್ತೆಗೆ ಎದುರಾಡಿದ್ದು ಅದೇ ಮೊದಲು, ಅದೂ ವಾಚ್‌ಮನ್ ಮೂಲಕ.

ಎದೆಯುಬ್ಬಿಸಿ ಆಫೀಸಿನೊಳಗೆ ಹೋಗಿ, ಯಾರಿಗೆ ಯಾವ ವಿಮಾನ ಎಂದು ಬರೆದುಕೊಳ್ಳುವ ಮೇಡಂ ಮುಂದೆ ನಿಂತು, "ಚಿಕ್ಕದು ಮೇಡಂ" ಎಂದ. ಮೇಡಂ ಕಣ್ಣರಳಿಸಿದರು. "ನಿಜವಾಗ್ಲೂ? ಅದನ್ನ ಯಾರೂ ಕೇಳೋದೇ ಇಲ್ಲ!" ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಕಂಪ್ಯೂಟರಿಗೆ ಹಾಕಿಯೂ ಬಿಟ್ಟರು. "ಆಯ್ತು, ಇನ್ನು ಬದಲಾಯಿಸಕ್ಕಾಗಲ್ಲ. ಸೋಮವಾರ ದ್ವೀಪಕ್ಕೆ ಹೊರಡಿ."

"ದ್ವೀಪಕ್ಕೆ ಯಾಕೆ ಮೇಡಂ?"

"ಚಿಕ್ಕ ವಿಮಾನಗಳ ಮನೆ ಅದೇ ಅಲ್ವಾ? ಬೆಳಿಗ್ಗೆ ಅಲ್ಲಿಂದ ಹೊರಡ್ತವೆ, ಸಂಜೆ ಅಲ್ಲಿಗೇ ಬರ್ತವೆ. ನಿಮಗೂ ಅಲ್ಲೇ ರೂಮ್. ಆರು ತಿಂಗಳಿಗೊಮ್ಮೆ ರಜ."

ಕ್ಯಾಪ್ಟನ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆ ಯಾರದು ಎಂದು ಇವನು ಕೇಳಿರಲಿಲ್ಲ, ಅಷ್ಟೇ.

ಹೊರಗೆ ಬೆಂಚಿನ ಮೇಲೆ ಕನ್ನಡಕ ತಲೆಗೆ ಕೈಹೊತ್ತು ಕೂತಿದ್ದ. "ದೊಡ್ಡದಕ್ಕೆ ಪೈಲಟ್‌ಗಳು ಜಾಸ್ತಿಯಾಗಿದಾರಂತೆ ಕಣೋ. ಕರೆಯೋವರೆಗೂ ಮನೇಲೇ ಬಿದ್ದಿರ್ಬೇಕಂತೆ. ಎರಡು ವರ್ಷ ಆದ್ರೂ ಆಗ್ಬಹುದಂತೆ. ನನ್ನಂಥ ದುರದೃಷ್ಟವಂತ ಇದಾನಾ ಹೇಳು?"

ಹೊಸ ಪೈಲಟ್ ಅವನ ಪಕ್ಕದಲ್ಲೇ ಕುಸಿದು ಕೂತ. ಅಳಬೇಕೆನಿಸಿತು, ನಲ್ಲಿ ಹತ್ತಿರದಲ್ಲಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ಚಿಕ್ಕದೇ ಸಿಕ್ತಾ? ಸದ್ಯ! ಅಮ್ಮನ್ನ ನಾನು ಸಮಾಧಾನ ಮಾಡ್ತೀನಿ ಬಿಡಿ. ದಿನಾ ಸಂಜೆ ಮನೆಗೆ ಬರ್ತೀರಿ ತಾನೇ?"

"ಬರುತ್ತೆ" ಎಂದ ಅವನು. "ವಿಮಾನ ಬರುತ್ತೆ ಕಣೇ."