ಎರಡು ಸೀಟಿನ ಕಾರು, ಆರು ತೂತು

ನನಗೆ ‘ಇಲ್ಲ’ ಅನ್ನಲು ಬರುವುದಿಲ್ಲ. ಇದನ್ನು ದೊಡ್ಡ ಗುಣ ಅಂದುಕೊಳ್ಳಬೇಡಿ, ಬರೀ ಪುಕ್ಕಲುತನ. ವಯಸ್ಸು ಐವತ್ತೊಂದಾಯಿತು, ಇನ್ನು ಕಲಿಯುವ ಲಕ್ಷಣವೂ ಕಾಣುತ್ತಿಲ್ಲ. ನಮ್ಮ ಕಡೆ ನನ್ನಂಥವರಿಗಾಗಿಯೇ ಮಾಡಿಟ್ಟ ಒಂದು ಶಬ್ದವಿದೆ: ‘ಅಡ್ಡಿಲ್ಲ’. ಊಟ ಹೇಗಿತ್ತು? ಅಡ್ಡಿಲ್ಲ. ಹೊಸ ಸೊಸೆ ಹೇಗಿದ್ದಾಳೆ? ಅಡ್ಡಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ನಮ್ಮ ಅತ್ತೆಯನ್ನು ಸ್ಟೇಷನ್ನಿಗೆ ಬಿಡುತ್ತೀಯಾ? ಅಡ್ಡಿಲ್ಲ. ಶಬ್ದದ ಬಾಲದಲ್ಲೇ ಒಂದು ‘ಇಲ್ಲ’ ಕುಳಿತಿದೆ, ಆದರೆ ಕೇಳುವವರ ಕಿವಿಗೆ ಅದು ಇವತ್ತಿನವರೆಗೂ ಬಿದ್ದಿಲ್ಲ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಒಮ್ಮೆ ಕೇಳಿದ್ದರು, “ಅಲ್ರೀ, ನಿಮ್ಮ ಅಡ್ಡಿಲ್ಲ ಅಂದ್ರೆ ಚೆನ್ನಾಗಿದೆ ಅಂತಲೋ, ಚೆನ್ನಾಗಿಲ್ಲ ಅಂತಲೋ?” ಯೋಚಿಸಿದೆ. “ಹೇಗೆ ತಿಳ್ಕೊಂಡ್ರೂ ಅಡ್ಡಿಲ್ಲ ಸರ್” ಅಂದೆ. ಅವರು ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ಹೋದರು.

ಕಾಗಾಲದಲ್ಲಿ ನನ್ನ ಮನೆ, ಕುಮಟಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಹನ್ನೊಂದು ವರ್ಷ ಒಂದು ಏಳು ಸೀಟಿನ ವ್ಯಾನು ಇಟ್ಟುಕೊಂಡಿದ್ದೆ. ಕಾಗದದ ಬಂಡಲ್ಲು ತರಲು ಅಂತ ಕೊಂಡದ್ದು. ಆದರೆ ಅದರಲ್ಲಿ ಕಾಗದಕ್ಕಿಂತ ಹೆಚ್ಚು ಓಡಾಡಿದ್ದು ನಮ್ಮ ಕೇರಿ. ಬಾಣಂತಿಯರು, ಹಲಸಿನಹಣ್ಣು, ಗ್ಯಾಸ್ ಸಿಲಿಂಡರು, ಒಣಮೀನು, ಹೆಣ್ಣು ನೋಡಲು ಹೋಗುವವರು, ನೋಡಿ ಬೇಡವೆಂದು ಬರುವವರು. ಯಾರೂ “ಬಿಡ್ತೀಯಾ” ಅಂತ ಕೇಳುತ್ತಿರಲಿಲ್ಲ. “ನೀ ಹೆಂಗೂ ಹೋಗ್ತ್ಯಲ್ಲ” ಅನ್ನುತ್ತಿದ್ದರು. ನಾನು ಹೆಂಗೂ ಹೋಗುವವನಾಗಿರಲಿಲ್ಲ ಅನ್ನುವುದನ್ನು ಹೇಳುವಷ್ಟರಲ್ಲಿ ಅವರು ಹತ್ತಿ ಬಾಗಿಲು ಎಳೆದುಕೊಂಡಿರುತ್ತಿದ್ದರು.

ಕೊನೆಗೆ ಒಂದು ದಿನ ನನಗೇ ಜ್ವರ ಬಂತು. ಡಾಕ್ಟರ ಹತ್ತಿರ ಹೋಗೋಣವೆಂದು ಕಂಬಳಿ ಹೊದ್ದು ವ್ಯಾನಿನ ಬಾಗಿಲು ತೆಗೆದರೆ ಒಳಗೆ ಆಗಲೇ ಮೂರು ಜನ. ಎದುರುಮನೆಯ ನಾಗವೇಣಕ್ಕ, ಎಪ್ಪತ್ತರ ಹೆಂಗಸು, ಮುಂದಿನ ಸೀಟಿನಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದಳು. “ತಮಾ, ನಿಂಗೆ ಜ್ವರ ಅಂತೆ. ಹಂಗಾರೆ ಕುಮಟೆಗೆ ಹೋಗೇ ಹೋಗ್ತ್ಯಲ್ಲ ಅಂತ ಬಂದೆ” ಅಂದಳು. ಒಬ್ಬರನ್ನು ಬ್ಯಾಂಕಿಗೆ, ಒಬ್ಬರನ್ನು ಮೀನುಪೇಟೆಗೆ, ಒಬ್ಬರನ್ನು ಟೇಲರ್ ಅಂಗಡಿಗೆ ಇಳಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಊಟಕ್ಕೆ ಹೋಗಿದ್ದರು. ಆ ಬೆಂಚಿನ ಮೇಲೆ ಜ್ವರದಲ್ಲಿ ಕುಳಿತಾಗಲೇ ನನಗೆ ಜ್ಞಾನೋದಯವಾದದ್ದು. ನನಗೆ ‘ಇಲ್ಲ’ ಅನ್ನಲು ಬಾರದಿದ್ದರೆ, ನನ್ನ ಪರವಾಗಿ ‘ಇಲ್ಲ’ ಅನ್ನುವ ಗಾಡಿ ಬೇಕು.

ಹಾಗೆ ಹುಡುಕಿದ್ದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಭಟ್ಕಳದಲ್ಲಿತ್ತು. ಫೈಬರ್ ಮೈ, ತಲೆಯ ಮೇಲೆ ಬಟ್ಟೆಯ ಮಾಡು, ಈಗ ಯಾರೂ ತಯಾರಿಸದ ಜಾತಿಯದು. ಮಾರುವವರು ಮುನೀರ್ ಭಾಯಿ. ಅವರ ಅಣ್ಣ ದುಬೈಯಿಂದ ರಜೆಗೆ ಬಂದಾಗ ಹುಮ್ಮಸ್ಸಿನಲ್ಲಿ ಕೊಂಡು, ಮೂರು ರಜೆ ಓಡಿಸಿ, ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಶೆಡ್ಡಿನಲ್ಲಿ ಬಿಟ್ಟಿದ್ದರು. ಫೋನಿನಲ್ಲಿ ಕೇಳಿದೆ, “ಬಾಡಿ ಹೇಗಿದೆ?” ಅವರು ಹೇಳಿದರು, “ಅಡ್ಡಿಲ್ಲ.” ಹುಟ್ಟಿದಾಗಿನಿಂದ ಈ ಶಬ್ದವನ್ನೇ ತಿಂದು ಬದುಕಿದವನು ನಾನು. ಅವತ್ತು ನನಗೆ ಅದರ ಅರ್ಥ ‘ಬಹಳ ಚಲೋ ಇದೆ’ ಅಂತ ಕೇಳಿಸಿತು.

ಶೆಡ್ಡಿನಲ್ಲಿ ಮುನೀರ್ ಭಾಯಿ ಪಾಪ, ಒಂದನ್ನೂ ಮುಚ್ಚಿಡಲಿಲ್ಲ. ನನ್ನ ಕೈ ಹಿಡಿದು ಸುತ್ತ ಕರೆದುಕೊಂಡು ಹೋಗಿ ತೋರಿಸಿದರು. ಮೂತಿಯ ಮೇಲೆ ಜೇಡರ ಬಲೆಯಂತೆ ಸೀಳುಗೆರೆ. ಹಿಂದಿನ ಚಕ್ರದ ಮೇಲೆ ಅಂಗೈಯಗಲ ಬಿರುಕು. ಬಾನೆಟ್ಟಿನ ಮೇಲೆ ಬಿಸಿಲಿಗೆ ಎದ್ದ ಗುಳ್ಳೆಗಳು, ಅಮ್ಮ ಬಂದ ಮಗುವಿನ ಮೈಯಂತೆ. ಕೆಂಪು ಬಣ್ಣ ತೊಳೆದು ತೊಳೆದು ಹಳೇ ಟವೆಲ್ಲಿನ ಗುಲಾಬಿಗೆ ತಿರುಗಿತ್ತು.

“ಈ ಬಾಗ್ಲು ಸ್ವಲ್ಪ ಮೇಲೆತ್ತಿ ಹಾಕ್ಬೇಕು” ಅಂದರು.

“ಫೋನಲ್ಲಿ ಅಡ್ಡಿಲ್ಲ ಅಂದಿದ್ರಲ್ಲ ಭಾಯಿ?”

“ಅಡ್ಡಿಲ್ಲ ಅಂದೆ. ಚಲೋ ಅಂದ್ನಾ?” ಅವರಿಗೆ ನಿಜವಾಗಿಯೂ ಬೇಸರವಾಯಿತು. “ಸಾಹೇಬ್ರೇ, ಇನ್ನೊಂದು ಸಲ ಯೋಚ್ನೆ ಮಾಡಿ. ಹಿಂದೆ ಜಾಗನೇ ಇಲ್ಲ. ಮನೆಯವ್ರು, ನೆಂಟ್ರು, ಯಾರನ್ನೂ ಕರ್ಕೊಂಡು ಹೋಗೂಕೆ ಆಗೂದಿಲ್ಲ.”

ಯಾರನ್ನೂ ಕರೆದುಕೊಂಡು ಹೋಗಲು ಆಗುವುದಿಲ್ಲ! ಇಷ್ಟು ಇಂಪಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ದೋಷ ಅಂತ ಹೇಳಿದ್ದೆಲ್ಲ ನನಗೆ ವರದಂತೆ ಕೇಳುತ್ತಿತ್ತು. ಚೌಕಾಸಿ ಮಾಡಲೂ ಆಗಲಿಲ್ಲ, ಅದಕ್ಕೂ ಒಂದು ‘ಇಲ್ಲ’ ಬೇಕಾಗುತ್ತದೆ. ನನ್ನ ಮುಖ ನೋಡಲಾರದೆ ಮುನೀರ್ ಭಾಯಿಯೇ ಬೆಲೆ ಇಳಿಸಿದರು.

ಕಾರಿನ ಜೊತೆ ನಾನು ಈ ಪೇಜಿನಲ್ಲಿ ಫೋಟೋ ಹಾಕಿದಾಗ ನಿಮ್ಮಲ್ಲಿ ಎಷ್ಟೋ ಜನ ಹೃದಯ ಒತ್ತಿದಿರಿ, ‘ಏನ್ ಗುರು ಹೀರೋ’ ಅಂತ ಬರೆದಿರಿ. ಫೋಟೋ ತೆಗೆದದ್ದು ಚಲೋ ಮಗ್ಗುಲಿನಿಂದ. ಕಾರಿಗೆ ಅದೊಂದೇ ಮಗ್ಗುಲು ಚಲೋ ಇತ್ತು, ನನಗೆ ಅದೂ ಇಲ್ಲ. ನನ್ನ ಹೆಂಡತಿ ಸುಮಂಗಲಾ ಮಾತ್ರ ಹೃದಯ ಗಿದಯ ಒತ್ತಲಿಲ್ಲ. ಒಂದು ಸುತ್ತು ಬಂದು ನೋಡಿ, “ಇದು ಯಾರ ಮನೆ ಮಕ್ಕಳು ಬಿಟ್ಟೋದದ್ದು?” ಅಂದಳು. ಆಮೇಲೆ ಬಟ್ಟೆಯ ಮಾಡಿನಲ್ಲಿ ಬೆರಳು ತೂರಿಸಿ ನೋಡಿ, “ಮಳೆಗಾಲದಲ್ಲಿ ಎಂತ ಮಾಡ್ತ್ರಿ?” ಅಂದಳು. ವ್ಯಾನನ್ನು ಅದೇ ವಾರ ನಮ್ಮ ಕೇರಿಯ ಗಣಪತಿಗೆ ಕೊಟ್ಟುಬಿಟ್ಟೆ. ಚಾವಿಯ ಜೊತೆ ಇಡೀ ಕೇರಿಯನ್ನೂ ಕೊಟ್ಟಂತಾಗಿ ಹಗುರವಾಯಿತು.

ಬಿರುಕು ಮುಚ್ಚಿಸಲು ಕುಮಟಾದ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಡೆಂಟಿಂಗ್ ಮಾಡುವವನು ಸುತ್ತಿಗೆ ಎತ್ತಿದವನು ಹಾಗೇ ಕೆಳಗಿಟ್ಟ. “ಮಾರಾಯ್ರೇ, ಬಡಿಯೂಕೆ ತಗಡೇ ಇಲ್ವಲ್ಲ ಇದ್ರಲ್ಲಿ! ಬಡಿದ್ರೆ ಹಪ್ಪಳ ಆತದೆ. ಇದು ನಮ್ಮ ಕೆಲ್ಸ ಅಲ್ಲ. ಹೊನ್ನಾವರದ ಹತ್ರ ಕಾಸರಕೋಡಿಗೆ ತಗಂಡೋಗಿ, ಅಲ್ಲಿ ಫೈಬರ್ ದೋಣಿ ರಿಪೇರಿ ಮಾಡ್ತಾರೆ.” ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ ನಾನು ಸ್ಪೋರ್ಟ್ಸ್ ಕಾರನ್ನು ದೋಣಿಗಳ ಸಾಲಿನಲ್ಲಿ ನಿಲ್ಲಿಸಿ, ಮೀನು ಒಣಗಿಸುವವರ ನಡುವೆ ಸರದಿ ಕಾದೆ.

ದೋಣಿ ರಿಪೇರಿಯ ಗೋವಿಂದಣ್ಣ ಮಾತು ಕಡಿಮೆಯ ಮನುಷ್ಯ. ಬೆರಳ ಗೆಣ್ಣಿನಿಂದ ಕಾರಿನ ಮೈಯನ್ನು ತೆಂಗಿನಕಾಯಿ ಆರಿಸುವವರಂತೆ ತಟ್ಟುತ್ತ ಹೋದ. ಟಣ್ ಅಂದಲ್ಲಿ ಸುಮ್ಮನಿದ್ದ, ಡಬ್ ಅಂದಲ್ಲಿ ಸೀಮೆಸುಣ್ಣದಿಂದ ಗೀರು ಹಾಕಿದ. ತಟ್ಟಿ ಮುಗಿದಾಗ ಕಾರು ರಂಗೋಲಿಯಾಗಿತ್ತು. “ಇದು ಎಷ್ಟು ಜನರದ್ದು?” ಅಂದ. ಇಬ್ಬರದ್ದು ಅಂದೆ. “ಇಷ್ಟುದ್ದಕ್ಕೆ ಇಬ್ರೇ? ಇಷ್ಟಿದ್ರೆ ನಾವು ಆರು ಜನ ಬಲೆ ಸಮೇತ ಹೋತೇವು” ಅಂದ. ಅವನ ಕಣ್ಣಿನಲ್ಲಿ ನಾನು ಅವತ್ತಿಗೇ ಇಳಿದುಹೋದೆ.

ಮೂರು ವಾರಕ್ಕೆ ಕೆಲಸ ಮುಗಿಯಿತು. ಅಣ್ಣ ತಮ್ಮಂದಿರೇ, ಕೆಲಸವೆಂದರೆ ಕೆಲಸ. ಒಂದು ಬಿರುಕಿಲ್ಲ, ಗುಳ್ಳೆಯಿಲ್ಲ, ಎಲ್ಲಿ ತಟ್ಟಿದರೂ ಟಣ್. ಸೊಂಟದಿಂದ ಮೇಲೆ ಕೆಂಪು ಬಳಿದಿದ್ದ. ಸೊಂಟದಿಂದ ಕೆಳಗೆ ನೀಲಿ. “ನೀಲಿ ಯಾಕೆ ಗೋವಿಂದಣ್ಣ?” “ನೀರು ತಾಗೂ ಭಾಗ ಅಲ್ದಾ” ಅಂದ. ನಾನು ಏನನ್ನಬೇಕಿತ್ತೋ ಅದನ್ನು ಬಿಟ್ಟು ಅಡ್ಡಿಲ್ಲ ಅಂದೆ. ಹೊರಡುವಾಗ ಅವನು ಹತ್ತಿರ ಬಂದು, ದನಿ ತಗ್ಗಿಸಿ, ಮಗುವಿನ ಕಾಯಿಲೆ ಹೇಳುವ ಡಾಕ್ಟರಂತೆ ಹೇಳಿದ: “ನಿಮ್ಗೆ ಮಾರ್ದವ್ರು ಮೋಸ ಮಾಡಿದ್ದಾರೆ. ಅಡಿಯಲ್ಲಿ ಆರು ತೂತಿತ್ತು, ದುಂಡಗೆ ಕೊರ್ದದ್ದು. ಅಷ್ಟೂ ಮುಚ್ಚಿದ್ದೆ. ಅದಕ್ಕೆ ಎಂತದೂ ಕೊಡೂದು ಬೇಡ. ತೂತಿಟ್ಟು ಕಳಿಸಿದ್ರೆ ನಂಗೆ ನಿದ್ದೆ ಬರೂದಿಲ್ಲ.” ನನಗೆ ಕಣ್ಣು ತುಂಬಿ ಬಂತು. ಈ ಕಾಲದಲ್ಲೂ ಇಂಥವರಿದ್ದಾರಲ್ಲ!

ಆ ಆರು ತೂತು ನೀರು ಹೊರಗೆ ಹೋಗಲಿ ಅಂತ ಕಾರು ಮಾಡಿದವರೇ ಇಟ್ಟದ್ದು ಅನ್ನುವುದು ನನಗೆ ಗೊತ್ತಾದದ್ದು ಜೂನಿನಲ್ಲಿ. ಮೊದಲ ಮಳೆ ಬಿದ್ದ ದಿನ ಅಂಗಡಿ ಮುಚ್ಚಿ ಬಂದು ಕಾರು ಹತ್ತಿದರೆ ಕಾಲು ಕಣಕಾಲಿನವರೆಗೆ ಮುಳುಗಿತು. ಬಟ್ಟೆಯ ಮಾಡಿನಿಂದ ಸೋರಿದ್ದೆಲ್ಲ ಒಳಗೇ ಶೇಖರವಾಗಿತ್ತು. ಬ್ರೇಕ್ ಒತ್ತಿದಾಗ ನೀರು ಮುಂದೆ ಹೋಗಿ ಬಡಿದು, ಅಲೆಯಾಗಿ ಹಿಂದಿರುಗಿ ನನ್ನ ಪ್ಯಾಂಟನ್ನು ವಿಚಾರಿಸಿಕೊಂಡಿತು. ಗೋವಿಂದಣ್ಣನಿಗೆ ಫೋನು ಮಾಡಿದೆ. “ಒಳಗಿನ ನೀರು ಹೊರಗೆ ಹೋತಿಲ್ಲ ಅಂದ್ರೆ ಹೊರಗಿಂದು ಒಳಗೆ ಬರೂದಿಲ್ಲ ಅಂತಾತು. ಕೆಲ್ಸ ಗಟ್ಟಿ ಬಂದದೆ” ಅಂದ. ಒಂದಾದರೂ ತೂತು ಮತ್ತೆ ಕೊರೆದುಕೊಡು ಅಂತ ಬೇಡಿಕೊಂಡೆ. “ನಮ್ಮ ಮನೆತನದಲ್ಲಿ ಯಾರೂ ಆ ಕೆಲ್ಸ ಮಾಡಿದ್ದಿಲ್ಲ. ಒಂದು ಡಬ್ಬಿ ಇಟ್ಕಳಿ” ಅಂದು ಫೋನಿಟ್ಟ. ಕುಮಟಾದ ಗ್ಯಾರೇಜಿನವನು, ಡ್ರಿಲ್ ಹಾಕಿದರೆ ಸೀಳುತ್ತದೆ, ಕಾಸರಕೋಡಿಗೇ ಒಯ್ಯಿರಿ ಅಂದ. ನಾನು ಡಬ್ಬಿ ಇಟ್ಟುಕೊಂಡೆ.

ಒಂದು ಲೆಕ್ಕಕ್ಕೆ ನನ್ನ ಆಸೆ ಪೂರ್ತಿ ಕೈಗೂಡಿತ್ತು. ಸೀಟು ಎರಡೇ, ಅದರಲ್ಲೂ ಒಂದು ಕೆರೆಯ ದಂಡೆ. ಯಾರೂ ಏನೂ ಕೇಳಲಿಲ್ಲ. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಗಣಪತಿಯ ಅಂಗಳದಲ್ಲಿ ಚೀಲ ಹಿಡಿದು ನಿಂತ ಜನ ನನ್ನ ಕಡೆ ಕೈ ಬೀಸುತ್ತಿದ್ದರು, ಅಷ್ಟೇ. ಮೊದಲ ವಾರ ಸ್ವರ್ಗ. ಎರಡನೇ ವಾರ ಅಡ್ಡಿಲ್ಲ. ಮೂರನೇ ವಾರ, ಬ್ಯಾಂಕಿನಲ್ಲಿ ಯಾರ ಸಾಲ ತೀರಿತು, ಯಾರ ಸೊಸೆ ತವರಿಗೆ ಹೋದಳು, ಒಂದೂ ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ನಾನು ಇಲ್ಲಿ ಬರೆದದ್ದೆಲ್ಲ ಆ ವ್ಯಾನಿನ ಹಿಂದಿನ ಸೀಟಿನಿಂದ ಬಂದದ್ದು ಅಂತ ಆಗ ಹೊಳೆಯಿತು.

ಹೊನ್ನಾವರದಲ್ಲಿ ಕೇರಿಯವರದೇ ಒಂದು ಮದುವೆ ಬಂತು. ಹೆದ್ದಾರಿಯಲ್ಲಿ ಮುಂದೆ ಗಣಪತಿಯ ವ್ಯಾನು, ಹಿಂದೆ ನಮ್ಮ ಕಾರು. ವ್ಯಾನಿನ ಹಿಂಬದಿಯ ಗಾಜಿನಲ್ಲಿ ಎಲ್ಲರ ತಲೆ ಕಾಣುತ್ತಿತ್ತು. ಯಾರೋ ಏನೋ ಹೇಳಿದರು, ಎಲ್ಲ ತಲೆಗಳೂ ಒಟ್ಟಿಗೆ ಕುಲುಕಿದವು. ಸುಮಂಗಲಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲು ಡ್ಯಾಶ್‌ಬೋರ್ಡಿನ ಹತ್ತಿರ ಇಟ್ಟುಕೊಂಡು ಕುಳಿತಿದ್ದಳು.

“ಎಂತಾರೂ ಮಾತಾಡಿ” ಅಂದಳು.

“ಎಂತ ಮಾತಾಡೂದು?”

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ವ್ಯಾನಿನಲ್ಲಿ ನಮ್ಮ ಪಾಲಿನ ಮಾತನ್ನೂ ಬೇರೆಯವರೇ ಆಡುತ್ತಿದ್ದರು. ಅವಳು ನಿಟ್ಟುಸಿರು ಬಿಟ್ಟು ಡಬ್ಬಿ ತೆಗೆದುಕೊಂಡು ನೀರು ಎತ್ತಿ ಹೊರಗೆ ಚೆಲ್ಲಿದಳು. ಬರುವಾಗ, “ನಾ ಗಣಪತಿ ಗಾಡಿಲಿ ಬತ್ತೆ, ನೀವು ನಿಧಾನ ಬನ್ನಿ” ಅಂದವಳು ಹೋಗಿ ಅವರ ನಡುವೆ ತೂರಿಕೊಂಡಳು. ನಾನು ನಿಧಾನವಾಗಿಯೇ ಬಂದೆ.

ಕಳೆದ ಗುರುವಾರ ಬೆಳಿಗ್ಗೆ ನಮ್ಮ ಗೇಟು ಸದ್ದಾಯಿತು. ನಾಗವೇಣಕ್ಕ. ಅವಳು ಪ್ರತಿ ಗುರುವಾರ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೊನ್ನಾವರಕ್ಕೆ ಹೋಗುತ್ತಾಳೆ. “ಗಣಪತಿದು ಭರ್ತಿ ಆತು ತಮಾ” ಅಂದಳು. ಖುಷಿಗೆ ನನ್ನ ಎದೆ ಹಾರಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಳಗೆ ನೀರಿದೆ ಅಕ್ಕಾ ಅಂದೆ. “ನೀರು ಕಂಡದ್ದಿಲ್ವಾ ನಾ?” ಅಂದು, ಸೀರೆ ಎತ್ತಿ ಕಟ್ಟಿ, ಕುಳಿತು, ಡಬ್ಬಿ ಕೈಗೆತ್ತಿಕೊಂಡಳು. ಅವಳ ಅಪ್ಪನಿಗೆ ಅಘನಾಶಿನಿ ಹೊಳೆಯಲ್ಲಿ ದೋಣಿಯಿತ್ತಂತೆ, ದೋಣಿಯ ನೀರು ಚೆಲ್ಲುವುದು ಅವಳದೇ ಕೆಲಸವಾಗಿತ್ತಂತೆ. ಕುಮಟಾ ದಾಟಿದ ಮೇಲೆ ಮಳೆ ಹಿಡಿಯಿತು. ಮೇಲಿಂದ ಬಿದ್ದಷ್ಟನ್ನೂ ಅವಳು ತಾಳ ತಪ್ಪದೆ ಹೊರಗೆ ಹಾಕಿದಳು. ಬಾಯಿಗೂ ಬಿಡುವಿರಲಿಲ್ಲ. ಒಂದು ತಿಂಗಳಿನ ಸುದ್ದಿಯನ್ನೆಲ್ಲ ನನಗೆ ಸುರಿದಳು. ಪಕ್ಕಕ್ಕೆ ಬಂದ ಬಸ್ಸಿನ ಕಂಡಕ್ಟರ್ ಬಗ್ಗಿ, “ಅಜ್ಜೀ, ಎಂತ ಮೀನು ಸಿಕ್ತು?” ಅಂತ ಕೂಗಿದ. “ಒಂದೇ ಬಂಗಡೆ, ಸ್ಟೇರಿಂಗ್ ಹಿಡ್ಕಂಡು ಕೂತದೆ!” ಅಂದಳು. ನಾನು ಅಂಗಡಿ ತೆರೆಯುವುದನ್ನು ಬಿಟ್ಟು, ಅವಳ ಎಣ್ಣೆ ತಿಕ್ಕಾಟ ಮುಗಿಯುವವರೆಗೆ ಹೊನ್ನಾವರದಲ್ಲೇ ಕಾದು ಕುಳಿತೆ. ಯಾರೂ ಕಾಯು ಅಂದಿರಲಿಲ್ಲ.

ವಾಪಸು ಬಂದು ಅವಳ ಅಂಗಳದಲ್ಲಿ ಇಳಿಸುವಾಗ, ಬಾಗಿಲನ್ನು ನಾನೇ ಮೇಲೆತ್ತಿ ತೆಗೆದು ಕೇಳಿದೆ, “ಅಕ್ಕಾ, ಮುಂದಿನ ಗುರುವಾರ ಎಷ್ಟು ಗಂಟೆಗೆ ಬರ್ಲಿ?”

ಅವಳು ಸೆರಗು ಹಿಂಡುತ್ತ ಸ್ವಲ್ಪ ಯೋಚಿಸಿದಳು. “ನೋಡ್ವ ತಮಾ. ಗಣಪತಿ ಗಾಡಿಲಿ ಜಾಗ ಸಿಗ್ದೇ ಹೋದ್ರೆ ಹೇಳ್ತೆ.”

ಇವತ್ತು ಗುರುವಾರ. ಗೇಟಿನ ಹತ್ತಿರ ನಿಂತು, ಹಲ್ಲುಜ್ಜುವವನಂತೆ ನಟಿಸುತ್ತ, ಗಣಪತಿಯ ವ್ಯಾನು ಹತ್ತುವವರನ್ನು ಎಣಿಸುತ್ತಿದ್ದೇನೆ. ಏಳು ಸೀಟಿನಲ್ಲಿ ಅವನೂ ಸೇರಿ ಆರಾಯಿತು. ನಾಗವೇಣಕ್ಕ ಇನ್ನೂ ಒಳಗೆ ಚಪ್ಪಲಿ ಹುಡುಕುತ್ತಿದ್ದಾಳೆ. ದೇವರೇ, ಅವಳು ಹೊರಬರುವುದರೊಳಗೆ ಇನ್ನೊಬ್ಬರು ಹತ್ತಲಿ.